ವೇಲ್ ಶಾರ್ಕ್ ನೋಡಲು ಡೈವಿಂಗ್ ಕೋರ್ಸ್ ಮಾಡಲೇಬೇಕಾ?

ಪ್ರಶ್ನೆ: ಮಾಲ್ಡೀವ್ಸ್‌ಗೆ ಹೋಗಿ ವೇಲ್ ಶಾರ್ಕ್ ನೋಡಬೇಕು ಅಂತ ಬಹಳ ದಿನದ ಆಸೆ. ಮುರುಡೇಶ್ವರದಲ್ಲಿ ಒಂದು ಸಲ ಸ್ಕೂಬಾ ಮಾಡಿದ್ದೇನೆ. ಅಷ್ಟು ಸಾಕಾ, ಇಲ್ಲ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಆಮೇಲೆ ಟಿಕೆಟ್ ಮಾಡಿಸಬೇಕಾ?

ಕೋರ್ಸ್ ಬೇಡ. ಸಿಲಿಂಡರ್ ಕೂಡ ಬೇಡ. ಮಾಸ್ಕ್, ಸ್ನಾರ್ಕೆಲ್ (ಮುಖ ನೀರಲ್ಲಿದ್ದಾಗ ಉಸಿರಾಡುವ ಕೊಳವೆ), ಕಾಲಿಗೆ ಫಿನ್, ಜೊತೆಗೆ ತೆರೆದ ಸಮುದ್ರದಲ್ಲಿ ಗಾಬರಿಯಾಗದೆ ಈಜುವ ಅಭ್ಯಾಸ ಇದ್ದರೆ ಸಾಕು. ಇದನ್ನು ಎಷ್ಟು ಸಲ ಹೇಳಿದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ದೊಡ್ಡ ಮೀನು ಅಂದ ಮೇಲೆ ಆಳದಲ್ಲೇ ಇರಬೇಕು ಅಲ್ವಾ ಎನ್ನುವ ನಂಬಿಕೆ ಅಷ್ಟು ಗಟ್ಟಿ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ವೇಲ್ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. 18 ಮೀಟರ್‌ವರೆಗೂ ಬೆಳೆಯಬಲ್ಲದು. ಆದರೆ ಅದು ತಿನ್ನುವುದು ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣಪುಟ್ಟ ಜೀವಿಗಳು), ಮೀನಿನ ಮೊಟ್ಟೆ, ಸಣ್ಣ ಮೀನುಗಳನ್ನು. ಬಾಯಿ ಅಗಲಿಸಿ ನೀರು ತುಂಬಿಕೊಂಡು, ಸೋಸಿ ಹೊರಗೆ ಬಿಡುತ್ತದೆ. ಈ ಆಹಾರ ಮೇಲ್ಮೈ ಹತ್ತಿರ ದಟ್ಟವಾಗಿ ಸಿಗುವ ಕಡೆ ಅದೂ ಮೇಲೆಯೇ ಈಜುತ್ತದೆ.

ಹಾಗಾದರೆ ಆಳಕ್ಕೆ ಹೋಗುವುದೇ ಇಲ್ಲವಾ? ಹೋಗುತ್ತದೆ. ಟ್ಯಾಗ್ ಹಾಕಿದ ವೇಲ್ ಶಾರ್ಕ್‌ಗಳು 1,900 ಮೀಟರ್‌ಗಿಂತ ಕೆಳಗೆ ಇಳಿದದ್ದು ದಾಖಲಾಗಿದೆ. ಆದರೆ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ ಅನುಮತಿ ಇರುವುದು 18 ಮೀಟರ್. ಹವ್ಯಾಸಿ ಡೈವಿಂಗ್‌ನ ಕೊನೆಯ ಮಿತಿಯೇ 40 ಮೀಟರ್. ಆ ಕತ್ತಲಿನ ಆಳಕ್ಕೆ ಯಾವ ಕೋರ್ಸೂ ನಿಮ್ಮನ್ನು ಇಳಿಸುವುದಿಲ್ಲ. ಅಲ್ಲಿಂದ ವಾಪಸ್ ಬಂದ ಮೀನು ಏನು ಮಾಡುತ್ತದೆ? ಅದು ತಣ್ಣನೆ ರಕ್ತದ ಜೀವಿ. ಆಳದ ಚಳಿಯಲ್ಲಿ ತಣ್ಣಗಾದ ಮೈಯನ್ನು ಬಿಸಿ ಮಾಡಿಕೊಳ್ಳಲು ಮೇಲಿನ ಬೆಚ್ಚನೆ ನೀರಿನಲ್ಲಿ ನಿಧಾನಕ್ಕೆ ಓಡಾಡುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಚಳಿಗಾಲದ ಬೆಳಗ್ಗೆ ನಾವು ಜಗಲಿಯಲ್ಲಿ ಬಿಸಿಲು ಕಾಯಿಸಿದ ಹಾಗೆ. ನಮಗೆ ಅದು ಸಿಗುವುದು ಆ ಹೊತ್ತಿನಲ್ಲೇ.

ಇನ್ನೊಂದು ವಿಷಯ. ದೋಣಿಯವರು ಮೇಲೆ ನಿಂತು ನೀರಿನಲ್ಲಿ ಕಪ್ಪು ನೆರಳು ಹುಡುಕುತ್ತಾರೆ. ಕಂಡ ಕೂಡಲೇ "ಇಳಿಯಿರಿ" ಅನ್ನುತ್ತಾರೆ. ಮಾಸ್ಕ್ ಹಾಕಿಕೊಂಡು ಕೂತವರು ತಕ್ಷಣ ನೀರಲ್ಲಿರುತ್ತಾರೆ. ಸಿಲಿಂಡರ್ ಕಟ್ಟಿಕೊಂಡು ಇಳಿಯುವಷ್ಟರಲ್ಲಿ ಮೀನು ಮುಂದೆ ಹೋಗಿರುತ್ತದೆ. ನೋಡಲು ನಿಧಾನ ಅನಿಸಿದರೂ ಬೆನ್ನ ಮೇಲೆ ಆ ಭಾರ ಹೊತ್ತು ಅದರ ಜೊತೆ ಈಜುವುದು ಬಹಳ ಕಷ್ಟ.

ಕೆಲವು ಕಡೆ ಕಾನೂನೂ ಇದನ್ನೇ ಹೇಳುತ್ತದೆ. ಮಾಲ್ಡೀವ್ಸ್‌ನ ಬಾ ಅಟಾಲ್‌ನ (ಅಟಾಲ್ ಅಂದರೆ ಉಂಗುರದಂಥ ಹವಳದ ದ್ವೀಪಗಳ ಗುಂಪು) ಹನಿಫಾರು ಕೊಲ್ಲಿಯಲ್ಲಿ 2012ರಿಂದ ಸ್ಕೂಬಾ ನಿಷೇಧ. ಆಸ್ಟ್ರೇಲಿಯಾದ ನಿಂಗಲೂನಲ್ಲೂ ವೇಲ್ ಶಾರ್ಕ್ ಜೊತೆ ಸ್ನಾರ್ಕೆಲ್ ಮಾತ್ರ.

ಕೋರ್ಸ್ ದಂಡ ಅಂತ ನಾನು ಹೇಳುತ್ತಿಲ್ಲ. ಮಾಲ್ಡೀವ್ಸ್‌ನದೇ ಫುವಮುಲಾ ದ್ವೀಪದಲ್ಲಿ ಟೈಗರ್ ಶಾರ್ಕ್ ನೋಡಬೇಕು, ಫಿಲಿಪೈನ್ಸ್‌ನ ಮಲಪಾಸ್ಕುವಾದಲ್ಲಿ ಥ್ರೆಶರ್ ಶಾರ್ಕ್ ನೋಡಬೇಕು ಅಂದರೆ ಡೈವಿಂಗ್ ಬರಲೇಬೇಕು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಇನ್‌ಸ್ಟ್ರಕ್ಟರ್ ಕೈ ಹಿಡಿದು ಇಳಿಸಿದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಅದು ರುಚಿ ತೋರಿಸುವ ಡೈವ್ ಅಷ್ಟೇ. ಜೊತೆಗೆ, ಹಲವು ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕು. ಸ್ನಾರ್ಕೆಲ್ ಮಾಡಿದವರಿಗೆ ಆ ತಾಪತ್ರಯ ಇಲ್ಲ.

ಈಗ ಪ್ರವಾಸದ ಲೆಕ್ಕ. ವೇಲ್ ಶಾರ್ಕ್ ಒಂದೇ ಗುರಿಯಾದರೆ ದಕ್ಷಿಣ ಆರಿ ಅಟಾಲ್‌ಗೆ ಹೋಗಿ. ಅಲ್ಲಿ ವರ್ಷವಿಡೀ ಕಾಣುತ್ತವೆ. ದಿಗುರಾ, ದಂಗೆತಿ ದ್ವೀಪಗಳ ಗೆಸ್ಟ್‌ಹೌಸ್‌ನಲ್ಲಿ ಉಳಿದರೆ ರೆಸಾರ್ಟ್‌ಗಿಂತ ಎಷ್ಟೋ ಕಡಿಮೆ ಖರ್ಚು. ಅಲ್ಲಿ ಸಿಗುವವು ಹೆಚ್ಚಾಗಿ ಎಳೆಯ ಗಂಡುಗಳು, ಹಾಗಾಗಿ 18 ಮೀಟರ್‌ನ ಕನಸು ಬೇಡ. ಸಮುದ್ರಕ್ಕೆ ಮೂರು ದಿನವಾದರೂ ಇಟ್ಟುಕೊಳ್ಳಿ. ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ ಇರಬೇಕು. ಮುಟ್ಟಬಾರದು, ಫ್ಲಾಶ್ ಹಾಕಬಾರದು.

ತೊರಕೆ ಜಾತಿಯ ದೈತ್ಯ ಮ್ಯಾಂಟಾಗಳೂ ಬೇಕಾದರೆ ಹನಿಫಾರುಗೆ ಹೋಗಿ. ಅದು ಮೇನಿಂದ ನವೆಂಬರ್ ತನಕ, ಅಂದರೆ ಮಳೆಗಾಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದಿನಗಳು ಒಳ್ಳೆಯವು. ಆಗ ಉಬ್ಬರ ಜೋರಾಗಿ ಪ್ಲಾಂಕ್ಟನ್ ಕೊಲ್ಲಿಯೊಳಗೆ ತುಂಬಿಕೊಳ್ಳುತ್ತದೆ. ನೀರು ಮಸುಕಾಗಿರುತ್ತದೆ ನಿಜ, ಆದರೆ ಆ ಮಸುಕೇ ಅವುಗಳ ಊಟ. ತಿಳಿನೀರು ಬೇಕು ಅಂತ ಜನವರಿಯಲ್ಲಿ ಬುಕ್ ಮಾಡಿದರೆ ಸುಮ್ನೆ ಖಾಲಿ ಕೊಲ್ಲಿ ನೋಡಿ ಬರಬೇಕಾಗುತ್ತದೆ.

"ಖಂಡಿತ ತೋರಿಸುತ್ತೇವೆ" ಎನ್ನುವ ಜಾಗಗಳ ಬಗ್ಗೆ ಎಚ್ಚರ. ಫಿಲಿಪೈನ್ಸ್‌ನ ಓಸ್ಲೊಬ್‌ನಲ್ಲಿ ದೋಣಿಯಿಂದ ಆಹಾರ ಹಾಕಿ ಕರೆಸುತ್ತಾರೆ. ಆ ಮೀನುಗಳು ದೋಣಿಗೆ ಒಗ್ಗಿಹೋಗುತ್ತವೆ, ಪೆಟ್ಟು ತಿನ್ನುತ್ತವೆ. ನಾನು ಯಾರಿಗೂ ಅಲ್ಲಿಗೆ ಹೋಗಿ ಅನ್ನುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ವೇಲ್ ಶಾರ್ಕ್ ನಮ್ಮ ದೇಶದ ಮೀನೂ ಹೌದು. ಗುಜರಾತಿನ ಸೌರಾಷ್ಟ್ರ ಕರಾವಳಿಗೆ ಬರುತ್ತದೆ. ಒಂದು ಕಾಲದಲ್ಲಿ ಅಲ್ಲಿ ಅದನ್ನು ಕೊಂದು, ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗಳಿಗೆ ಬಳಿಯುತ್ತಿದ್ದರು. 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಗೆ, ಅದು ಸೇರಿತು. ಕಾನೂನು ಮಾತ್ರದಿಂದ ಬೇಟೆ ನಿಲ್ಲುತ್ತಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಶುರು ಮಾಡಿದ ಅಭಿಯಾನಕ್ಕೆ ರಾಮಕಥೆಯ ಮೊರಾರಿ ಬಾಪು ದನಿಯಾದರು. ಈ ಮೀನು ಹೆರಿಗೆಗೆ ತವರಿಗೆ ಬಂದ ಮಗಳು ಎಂದು ಮೀನುಗಾರರಿಗೆ ಹೇಳಿದರು. ಆ ಮಾತು ನಾಟಿತು. ಅಂದಿನಿಂದ ಅವರು ಬಲೆಗೆ ಸಿಕ್ಕ ನೂರಾರು ವೇಲ್ ಶಾರ್ಕ್‌ಗಳನ್ನು, ತಮ್ಮ ಬಲೆಯನ್ನೇ ಕತ್ತರಿಸಿ ಬಿಟ್ಟಿದ್ದಾರೆ. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅಲ್ಲಿ ಮಾಲ್ಡೀವ್ಸ್‌ನಂಥ ತಿಳಿನೀರು ಇಲ್ಲ, ಈಜಿ ನೋಡುವ ಜಾಗವಲ್ಲ. ಆದರೆ ಸೋಮನಾಥ ಯಾತ್ರೆಗೆ ಹೋದವರಿಗೆ ವೆರಾವಲ್ ಬಂದರು ಪಕ್ಕದಲ್ಲೇ. ಅರ್ಧ ದಿನ ಉಳಿಸಿಕೊಂಡು ಅಲ್ಲಿನ ಮೀನುಗಾರರನ್ನು ಮಾತಾಡಿಸಿ ಬನ್ನಿ.