ದುಡ್ಡಿಗೆ ಮಾರಿದರೆ ಅದು ಜನಪದ ಕಲೆ ಹೇಗಾಗುತ್ತೆ?

ಓದುಗರ ಪ್ರಶ್ನೆ: ದಕ್ಷಿಣ ಆಫ್ರಿಕಾದ ಎನ್‌ಡೆಬೆಲೆ ಹೆಂಗಸರು ಮನೆ ಗೋಡೆಗೆ ಬರೆಯುವ ಬಣ್ಣದ ಚಿತ್ರ ಸಾವಿರಾರು ವರ್ಷ ಹಳೆಯದಂತೆ. ಈಗ ಅದನ್ನೇ ಕ್ಯಾನ್ವಾಸ್ ಮೇಲೆ, ಕಾರಿನ ಮೇಲೆ ಬರೆದು ಮಾರುತ್ತಾರಂತೆ. ಹಾಗೆ ದುಡ್ಡಿಗೆ ಮಾರಿದ ಮೇಲೆ ಅದು ಜನಪದ ಕಲೆ ಹೇಗಾಗುತ್ತೆ? ಅಷ್ಟಕ್ಕೂ ಅದರಿಂದ ಹಳ್ಳಿ ಹೆಂಗಸರ ಸಂಸಾರ ನಡೆಯುತ್ತಾ?

ಮತ್ತೆ ಬಂತು ಈ ಪ್ರಶ್ನೆ. ಮಾತು ಸ್ವಲ್ಪ ಆಚೀಚೆ ಇರಬಹುದು, ಕೇಳೋದು ಮಾತ್ರ ಇದನ್ನೇ. ಕೊನೆಯ ಭಾಗಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆಲವರ ಸಂಸಾರ ಚೆನ್ನಾಗಿಯೇ ನಡೆದಿದೆ. ಜಾಸ್ತಿ ಜನಕ್ಕೆ ಅದು ಮೇಲು ಸಂಪಾದನೆ, ಅಷ್ಟೇ. ಇನ್ನು "ಜನಪದ ಕಲೆ ಹೇಗಾಗುತ್ತೆ" ಅನ್ನೋದಕ್ಕೆ ಉತ್ತರ ಕೊಡೋ ಮುಂಚೆ ನಿಮ್ಮ ಮೊದಲ ವಾಕ್ಯವನ್ನೇ ಸರಿ ಮಾಡಬೇಕು. ತಕರಾರು ಇರೋದು ಅಲ್ಲಿ.

ಸಾವಿರಾರು ವರ್ಷ ಅಂತ ಯಾರು ಹೇಳಿದರು? ಆಫ್ರಿಕಾ ಅಂದ ಕೂಡಲೇ ಎಲ್ಲವೂ ಅನಾದಿ ಕಾಲದ್ದು ಅಂದುಕೊಳ್ಳೋ ಅಭ್ಯಾಸ ನಮಗೆ ಯಾಕೋ ಅಂಟಿಕೊಂಡುಬಿಟ್ಟಿದೆ. ದಪ್ಪ ಕಪ್ಪು ಗೆರೆ, ಅದರೊಳಗೆ ನೀಲಿ, ಹಳದಿ, ಕೆಂಪು, ಹಸಿರು ಪಟ್ಟೆಗಳು, ಎಡಕ್ಕೂ ಬಲಕ್ಕೂ ಒಂದೇ ಅಳತೆ. ನೀವು ಫೋಟೋದಲ್ಲಿ ನೋಡಿರುವ ಈ ಚಿತ್ರಕ್ಕೆ ನೂರು ವರ್ಷ ಆಗಿದ್ದರೆ ಹೆಚ್ಚು. ಹಳೇ ಕಾಲದಲ್ಲಿ ಎನ್‌ಡೆಬೆಲೆಗಳ ಮನೆ ಅಂದರೆ ಹುಲ್ಲಿನ ಗುಮ್ಮಟ. ಬರೆಯೋಣ ಅಂದರೂ ಗೋಡೆಯೇ ಇರಲಿಲ್ಲ. ಮಣ್ಣಿನ ಗೋಡೆ ಎಬ್ಬಿಸೋದು ನೆರೆಯ ಸೋತೊ, ಪೆಡಿ ಜನರಿಂದ ಬಂದ ವಿದ್ಯೆ. ಆ ಗೋಡೆಗೆ ಮಣ್ಣು, ಸೆಗಣಿ ಸಾರಿಸಿ, ಇನ್ನೂ ಹಸಿ ಇರುವಾಗಲೇ ಬೆರಳಲ್ಲಿ ಗೀರು ಎಳೆಯುತ್ತಿದ್ದರು. ಬಣ್ಣ ಅಂದರೆ ಕೆಮ್ಮಣ್ಣು, ಸುಣ್ಣ, ಇದ್ದಿಲು.

ಆಮೇಲೆ ಬಂತು 1883. ಬೋಯರ್ ಅಂದರೆ ಅಲ್ಲಿ ನೆಲೆನಿಂತ ಡಚ್ ಮೂಲದ ಬಿಳಿಯರು. ಅವರ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಗುಹೆಗಳಲ್ಲಿ ಅಡಗಿದ್ದ ಎನ್‌ಡೆಬೆಲೆಗಳನ್ನು ಹಸಿವಿನಿಂದ ಸೋಲಿಸಿತು. ಅರಸ ನ್ಯಾಬೆಲಾ ಸೆರೆಯಾದ. ನೆಲ ಹೋಯಿತು. ಜನರನ್ನು ಐದು ವರ್ಷದ ಜೀತಕ್ಕೆ ಅಂತ ಬಿಳಿಯರ ಜಮೀನುಗಳಿಗೆ ಹಂಚಿದರು. ಹೀಗೆ ಒಂದು ಜನಾಂಗವೇ ಊರು, ಅರಸ ಎರಡನ್ನೂ ಕಳೆದುಕೊಂಡು ಚೆಲ್ಲಾಪಿಲ್ಲಿಯಾಯಿತು. ಗೋಡೆ ಚಿತ್ರ ದೊಡ್ಡದಾಗಿ, ಎದ್ದು ಕಾಣುವ ಹಾಗೆ ಬೆಳೆದದ್ದು ಇದರ ನಂತರ. ಯಾರದೋ ಜಮೀನಿನಲ್ಲಿ ಗೇಯುತ್ತಾ, ಯಾರದೋ ನೆಲದ ಮೇಲೆ ಕಟ್ಟಿಕೊಂಡ ಮನೆಯ ಗೋಡೆಯಲ್ಲಿ "ಇಲ್ಲಿರೋದು ಎನ್‌ಡೆಬೆಲೆ ಮನೆ" ಅಂತ ಹೆಂಗಸರು ತೋರಿಸಿದರು.

ಇಲ್ಲಿ ಇನ್ನೊಂದು ಕಥೆಯನ್ನೂ ತಳ್ಳಿಹಾಕಿ ಮುಂದೆ ಹೋಗುತ್ತೇನೆ. ಪ್ರತಿ ಆಕಾರವೂ ಒಂದು ಗುಪ್ತ ಅಕ್ಷರವಂತೆ, ಬಿಳಿಯರಿಗೆ ತಿಳಿಯದ ಹಾಗೆ ಗೋಡೆ ಮೇಲೆ ಸಂದೇಶ ಬರೆಯುತ್ತಿದ್ದರಂತೆ. ಕೇಳೋಕೆ ಸಿನಿಮಾ ಹಾಗಿದೆ. ಗೋಡೆ ನೋಡಿದರೆ ಎನ್‌ಡೆಬೆಲೆ ಮನೆ ಅಂತ ಗೊತ್ತಾಗುತ್ತೆ, ಆ ಮನೆಯಾಕೆಯ ಕೈಚಳಕ, ಅಚ್ಚುಕಟ್ಟು ಗೊತ್ತಾಗುತ್ತೆ. ಅದೇ ದೊಡ್ಡ ಸಂದೇಶ. ಅದರಾಚೆಗೆ ಶಬ್ದಕೋಶ ಇಟ್ಟುಕೊಂಡು ತ್ರಿಕೋನಕ್ಕೊಂದು ಅರ್ಥ, ಚೌಕಕ್ಕೊಂದು ಅರ್ಥ ಹುಡುಕಬೇಡಿ.

ಬೇಕಾದರೆ ಆ ಆಕಾರಗಳನ್ನೇ ಒಂದು ಸಲ ಸರಿಯಾಗಿ ನೋಡಿ. ಬಹಳ ಕಡೆ ಕಾಣುವ, ಎರಡೂ ಬದಿ ಕಚ್ಚು ಇರುವ ಒಂದು ನಮೂನೆ ಇದೆ. ಅದು ಬ್ಲೇಡು. ಗಡ್ಡ ಕೆರೆಯುವ ಬ್ಲೇಡು! ಮೆಟ್ಟಿಲು, ಗೇಟು, ಕರೆಂಟಿನ ಬಲ್ಬು, ವಿಮಾನ ಎಲ್ಲವೂ ಇವೆ. ಮಣಿ ಕೆಲಸದಲ್ಲಂತೂ ಗಾಡಿಗಳ ನಂಬರ್ ಪ್ಲೇಟಿನ ಅಕ್ಷರಗಳು ಕೂಡ ಸಿಗುತ್ತವೆ. ಸಾವಿರ ವರ್ಷದ ಹಿಂದೆ ಬಲ್ಬು ಎಲ್ಲಿತ್ತು? ಇವರು ಪ್ರಿಟೋರಿಯಾ ನಗರದ ಬಿಳಿಯರ ಮನೆಗಳಿಗೆ ಕೆಲಸಕ್ಕೆ ಹೋದ ಹೆಂಗಸರು. ಅಲ್ಲಿ ಮಹಡಿ ಮೆಟ್ಟಿಲು ನೋಡಿದರು, ದೀಪ ನೋಡಿದರು, ಊರಿಗೆ ಬಂದು ತಮ್ಮ ಗೋಡೆ ಮೇಲೆ ತಮಗೆ ಬೇಕಾದ ಹಾಗೆ ಬರೆದುಕೊಂಡರು.

ಬಣ್ಣದ ಕಥೆಯೂ ಹಾಗೇ. ಮಣ್ಣಿನಲ್ಲಿ ಒಳ್ಳೆ ನೀಲಿ ಸಿಗಲ್ಲ. ಅದಕ್ಕೆ ಇವರು ಹುಡುಕಿದ್ದು ಬಟ್ಟೆಗೆ ಹಾಕುವ ನೀಲಿ. ರೆಕಿಟ್ ಕಂಪನಿಯ ನೀಲಿ ಆಗ ಬ್ರಿಟಿಷರು ಹೋದ ಕಡೆಯೆಲ್ಲ ಹೋಗಿತ್ತು. ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ಹಾಕುತ್ತಿದ್ದ ರಾಬಿನ್ ನೀಲಿಯೂ ಅದೇ ಕಂಪನಿಯದು. ಇಲ್ಲಿ ನಾವು ಬಕೆಟ್ಟಿಗೆ ಹಾಕಿದೆವು, ಅಲ್ಲಿ ಅವರು ಗೋಡೆಗೆ ಹಚ್ಚಿದರು. 1940ರ ದಶಕದಿಂದ ಅಂಗಡಿಯ ಡಬ್ಬಿ ಬಣ್ಣ ಬಂತು. ಈಗ ನೀವು "ಅಪ್ಪಟ ಎನ್‌ಡೆಬೆಲೆ ಬಣ್ಣ" ಅಂತ ಮೆಚ್ಚುವ ಆ ಝಗಮಗ ಎಲ್ಲ ಡಬ್ಬಿಯದು.

ಮಣಿಗಳು? ಅವೂ ಗಾಜಿನವು, ಯುರೋಪಿನಿಂದ ಹಡಗಿನಲ್ಲಿ ಬಂದವು. ಹಳೇ ಮಣಿ ಕೆಲಸದಲ್ಲಿ ಹೆಚ್ಚೂಕಡಿಮೆ ಎಲ್ಲ ಬಿಳಿ, ನಡುವೆ ಅಲ್ಲೊಂದು ಇಲ್ಲೊಂದು ಬಣ್ಣದ ಗೆರೆ. ಬಣ್ಣ ತುಂಬಿದ್ದು ಆಮೇಲೆ. ಮದುವೆಯಾದ ಹೆಂಗಸು ಮುಂದೆ ಕಟ್ಟಿಕೊಳ್ಳುವ, ಕೆಳಗೆ ಐದು ಪಟ್ಟಿ ಇಳಿಬಿಟ್ಟ ಏಪ್ರನ್‌ಗೆ ಜೊಗೊಲೊ ಅಂತಾರೆ. ಮೈನೆರೆದ ಹುಡುಗಿಯ ಗಟ್ಟಿ ಏಪ್ರನ್ ಪೆಪೆಟು. ಹುಡುಗರು ಗಂಡಸರಾದರು ಅಂತ ಮಾಡುವ ಆಚರಣೆಗೆ ದೀಕ್ಷೆ ಅನ್ನೋಣ. ಮಗನ ದೀಕ್ಷೆಯ ಹೊತ್ತಿಗೆ ತಾಯಿ ತಲೆಯ ಎರಡೂ ಬದಿ ಇಳಿಬಿಡುವ ಉದ್ದದ ಮಣಿ ಪಟ್ಟಿ ಲಿಂಗಾ ಕೋಬಾ, ಅಂದರೆ ಉದ್ದನೆಯ ಕಣ್ಣೀರು. ಇಷ್ಟು ಆಚಾರ ತುಂಬಿದ ವಸ್ತುವಿನ ಒಂದೊಂದು ಮಣಿಯೂ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದೇ.

ಈಗ ದೊಡ್ಡ ಸಂಗತಿಗೆ ಬರೋಣ. ಮಾರಾಟ, ಪ್ರವಾಸಿಗರು ಇವೆಲ್ಲ ಇತ್ತೀಚೆಗೆ ಬಂದು ಕೆಡಿಸಿದ್ದು ಅಂತೀರಲ್ಲ. 1940ರ ದಶಕದಲ್ಲೇ ಪ್ರಿಟೋರಿಯಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಪ್ರಾಧ್ಯಾಪಕ ಮೈರಿಂಗ್ ಅವರು ಊರಿನ ಪಕ್ಕದ ಒಂದು ಎನ್‌ಡೆಬೆಲೆ ಹಟ್ಟಿಯ ಅಳತೆ, ನಕ್ಷೆ, ಫೋಟೋ ಎಲ್ಲ ತೆಗೆಸಿದ್ದರು. ನಗರ ಬೆಳೆದು ಜಾಗ ಬೇಕಾದಾಗ, 1953ರಲ್ಲಿ ಆ ಮನೆತನದವರನ್ನು ಬೇರೆ ಕಡೆ ಕೂರಿಸಿದರು. ಅದೇ ಕ್ವಾಮ್ಸಿಜಾ. ಪ್ರವಾಸಿಗರ ಬಸ್ಸು ನಿಲ್ಲುವ ಊರಾಯಿತು. ಪ್ರಪಂಚಕ್ಕೆ ಎನ್‌ಡೆಬೆಲೆ ಗೋಡೆ ಗೊತ್ತಾಗಿದ್ದು ಇಂಥ ಊರುಗಳ ಫೋಟೋಗಳಿಂದ. ಅಂದರೆ ನೀವು ಯಾವುದನ್ನು ಮೂಲ ಅಂತ ನಂಬಿದ್ದೀರೋ ಆ ಫೋಟೋ ತೆಗೆಯುವ ಹೊತ್ತಿಗೇ ನೋಡುವವರು ಬಂದು ನಿಂತಾಗಿತ್ತು. ಒಂದು ಕಡೆ ಶುದ್ಧ ಕಲೆ, ಇನ್ನೊಂದು ಕಡೆ ಮಾರುಕಟ್ಟೆ, ನಡುವೆ ಬೇಲಿ! ಆ ಬೇಲಿ ನಿಮ್ಮ ಕಲ್ಪನೆಯಲ್ಲಿದೆ, ಆ ಊರಲ್ಲಿಲ್ಲ. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಹುಡುಗರ ದೀಕ್ಷೆ ಬಂದಾಗ ಗೋಡೆಗೆ ಹೊಸದಾಗಿ ಬಣ್ಣ ಬಳಿದ ತಾಯಿಯೇ, ಮಾರನೇ ವಾರ ಪ್ರವಾಸಿಗರಿಗೆ ಮಣಿ ಬಳೆ ಮಾರಿದಳು. ಆಕೆಗೆ ಇದರಲ್ಲಿ ಗೊಂದಲ ಇರಲಿಲ್ಲ.

ಜೊತೆಗೆ ಒಂದು ಕಹಿ ವಿಷಯ. ವರ್ಣಭೇದದ ಸರ್ಕಾರಕ್ಕೂ ಈ ಗೋಡೆಗಳು ಇಷ್ಟವಾದವು. "ನೋಡಿ, ಇವರದು ಬೇರೆ ಸಂಸ್ಕೃತಿ, ಆದ್ದರಿಂದ ಬೇರೆಯೇ ಇರಲಿ" ಅನ್ನೋಕೆ ಅನುಕೂಲ. ಕ್ವಾನ್‌ಡೆಬೆಲೆ ಅಂತ ಒಂದು 'ತಾಯ್ನಾಡು' ಮಾಡಿ ಜನರನ್ನು ಅಲ್ಲಿಗೆ ತುಂಬಿದರು. ಅಲ್ಲಿ ಕೆಲಸ ಇರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೂ ಮೊದಲೇ ಎದ್ದು, ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಪ್ರಿಟೋರಿಯಾಕ್ಕೆ ಹೋಗಿ, ಕತ್ತಲಾದ ಮೇಲೆ ವಾಪಸ್ ಬರಬೇಕಿತ್ತು. ಸಂಪಾದನೆಯ ಮಾತಾಡುವಾಗ ಈ ಬಸ್ಸನ್ನು ನೆನಪಿನಲ್ಲಿಡಿ. ಮನೆಯಲ್ಲೇ ಕೂತು ಮಣಿ ಪೋಣಿಸಿ ನಾಲ್ಕು ಕಾಸು ಬಂದರೆ ಆ ಬಸ್ಸು ತಪ್ಪುತ್ತಿತ್ತು. "ಕಲೆಯನ್ನು ಯಾಕೆ ಮಾರಿಕೊಂಡರು" ಅಂತ ಕೇಳುವವರು ಆ ಬಸ್ಸು ಹತ್ತಿದವರಲ್ಲ.

ಸರಿ, ಸಂಪಾದನೆ. ತನ್ನ ಮನೆ ಗೋಡೆಗೆ ಬರೆದರೆ ದುಡ್ಡು ಬರಲ್ಲ, ಖರ್ಚೇ. ದುಡ್ಡು ಬರೋದು ಬೇರೆಯವರ ಗೋಡೆಗೆ ಬರೆದರೆ. ಹೋಟೆಲು, ಅಂಗಡಿ, ಮ್ಯೂಸಿಯಂ, ಚರ್ಚು. ಇಲ್ಲಾಂದ್ರೆ ಕ್ಯಾನ್ವಾಸ್. ಇಲ್ಲಾಂದ್ರೆ ಮಣಿ ಬೊಂಬೆ, ಬಳೆ, ಕುತ್ತಿಗೆಗೆ ಹಾಕುವ ದಪ್ಪ ಮಣಿ ಬಳೆ. ಒಂದು ಒಳ್ಳೆ ಏಪ್ರನ್ ಪೋಣಿಸೋಕೆ ವಾರಗಟ್ಟಲೆ ಹಿಡಿಯುತ್ತೆ. ಮಣಿ, ದಾರದ ದುಡ್ಡು ಮೊದಲೇ ಕೈಯಿಂದ ಹಾಕಬೇಕು. ಮಧ್ಯದಲ್ಲಿ ಅಂಗಡಿಯವನು ಇದ್ದೇ ಇರುತ್ತಾನೆ. ಅದಕ್ಕೇ ಜಾಸ್ತಿ ಹೆಂಗಸರಿಗೆ ಇದು ಪೂರ್ತಿ ಸಂಬಳ ಆಗಲಿಲ್ಲ. ಅಜ್ಜಿಯರಿಗೆ 60 ಆದ ಮೇಲೆ ಸರ್ಕಾರದ ವೃದ್ಧಾಪ್ಯ ವೇತನ ಬರುತ್ತೆ, ಮಣಿ ದುಡ್ಡು ಅದರ ಮೇಲಿನ ಸೇರಿಕೆ.

ಇದನ್ನು ಪೂರ್ತಿ ಜೀವನ ಮಾಡಿಕೊಂಡವರು ಅಂದರೆ ಎಸ್ತರ್ ಮಹ್ಲಾಂಗು. 1935ರಲ್ಲಿ ಮಿಡಲ್‌ಬರ್ಗ್ ಕಡೆ ಹುಟ್ಟಿದವರು. ಹತ್ತನೇ ವಯಸ್ಸಿನಲ್ಲಿ ಅಮ್ಮ, ಅಜ್ಜಿಯಿಂದ ಕಲಿತರು. ಸ್ಕೇಲಿಲ್ಲ, ಪೆನ್ಸಿಲ್ ಗೆರೆ ಇಲ್ಲ, ಕೋಳಿ ಪುಕ್ಕದಲ್ಲಿ ನೇರವಾಗಿ ಎಳೆಯುತ್ತಾರೆ, ಗೆರೆ ದಾರ ಹಿಡಿದ ಹಾಗೆ ಬರುತ್ತೆ. 1980ರಿಂದ 1991ರವರೆಗೆ ಬೊಟ್ಶಾಬೆಲೊ ಬಯಲು ಮ್ಯೂಸಿಯಂನಲ್ಲಿ ಇದ್ದು ಬಂದವರ ಎದುರಿಗೇ ಬರೆದರು. ಅವರು ಬಣ್ಣ ಬಳಿದ ಮನೆಯ ಫೋಟೋ ನೋಡಿದ ಫ್ರೆಂಚರು ಹುಡುಕಿಕೊಂಡು ಬಂದರು. 1989ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನವೊಂದರಲ್ಲಿ ಅವರ ಮನೆಯ ಹಾಗೇ ಒಂದು ಮನೆ ಕಟ್ಟಿಸಿ, ಅದಕ್ಕೆ ಅವರ ಕೈಯಲ್ಲೇ ಬರೆಸಿದರು. 1991ರಲ್ಲಿ ಬಿಎಂಡಬ್ಲ್ಯು ಕಾರು. ಆ ಕಂಪನಿ ಕಲಾವಿದರಿಂದ ಬರೆಸುವ ಕಾರುಗಳ ಸಾಲಿನಲ್ಲಿ ಇವರು ಮೊದಲ ಹೆಂಗಸು, ಮೊದಲ ಆಫ್ರಿಕನ್. 2018ರಲ್ಲಿ ಜೊಹಾನ್ಸ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇಷ್ಟಾದರೂ ಮನೆ ಎಂಪುಮಲಾಂಗಾ ಪ್ರಾಂತ್ಯದ ಹಳ್ಳಿಯಲ್ಲೇ. ಅಲ್ಲೇ ಅಂಗಳದಲ್ಲಿ ಮಕ್ಕಳಿಗೆ ಕಲಿಸಿದರು. ಮಾರಿದ್ದರಿಂದ ಕಲೆ ಸತ್ತಿತು ಅನ್ನುವವರು ಈ ಅಂಗಳಕ್ಕೆ ಏನು ಹೇಳುತ್ತಾರೋ ಗೊತ್ತಿಲ್ಲ. ಹಳ್ಳಿಗಳಲ್ಲಿ ಬಣ್ಣದ ಗೋಡೆ ಕಡಿಮೆಯಾಗಿದ್ದು ನಿಜ. ಈಗಿನದು ಸಿಮೆಂಟ್ ಇಟ್ಟಿಗೆ ಮನೆ. ಮಣ್ಣಿನ ಗೋಡೆಯಾಗಿದ್ದರೆ ಪ್ರತಿ ಮಳೆಗಾಲ ಬಣ್ಣ ತೊಳೆದುಕೊಂಡು ಹೋಗುತ್ತಿತ್ತು, ಮತ್ತೆ ಬರೆಯಲೇಬೇಕಿತ್ತು. ಅದು ಮಾರುಕಟ್ಟೆಯ ತಪ್ಪಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ನಿಜವಾದ ಸಮಸ್ಯೆ ಮಾರೋದರಲ್ಲಿಲ್ಲ, ಹೆಸರಿನಲ್ಲಿದೆ. 1997ರಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ವಿಮಾನಗಳ ಬಾಲಕ್ಕೆ ಬೇರೆ ಬೇರೆ ದೇಶಗಳ ಚಿತ್ರ ಹಾಕಿತು. ಅದರಲ್ಲಿ ಎರಡು ಎನ್‌ಡೆಬೆಲೆ ವಿನ್ಯಾಸಗಳನ್ನು ಮಾಡಿದವರು ಎಮ್ಲಿ ಮಸನಾಬೊ, ಮಾರ್ಥಾ ಮಸನಾಬೊ ಅನ್ನುವ ಸೋದರಿಯರು. ಅವರ ಹೆಸರನ್ನೇ ಆ ವಿನ್ಯಾಸಗಳಿಗೂ ಇಟ್ಟಿದ್ದರು. ಇವತ್ತು ಹುಡುಕಿ ನೋಡಿ, ವಿಮಾನದ ಬಾಲ ಅಂದರೆ ಸುಮ್ನೆ ಎಸ್ತರ್ ಮಹ್ಲಾಂಗು ಹೆಸರು ಬರೆದು ಮುಗಿಸುವವರೇ ಜಾಸ್ತಿ. ಒಬ್ಬರ ಹೆಸರು ಗೊತ್ತಾಯಿತು ಅಂತ ಎಲ್ಲವನ್ನೂ ಅವರ ಖಾತೆಗೆ ಹಾಕೋದು. ಜೊತೆಗೆ ಮಹ್ಲಾಂಗು ಅನ್ನೋದು ಅಲ್ಲಿ ನಮ್ಮ ಗೌಡ, ಪಾಟೀಲ ಇದ್ದ ಹಾಗೆ, ಊರು ತುಂಬ ಇರುವ ಹೆಸರು. ಸೋತ ಅರಸ ನ್ಯಾಬೆಲಾ ಕೂಡ ಮಹ್ಲಾಂಗುವೇ. ಹಾಗಾಗಿ ಯಾವುದೋ ಚಿತ್ರದ ಕೆಳಗೆ ಬರೀ ಮಹ್ಲಾಂಗು ಅಂತ ಕಂಡರೆ ಎಸ್ತರ್ ಅಂದುಕೊಳ್ಳಬೇಡಿ. ಫ್ರಾನ್ಸಿನಾ ಎನ್‌ಡಿಮಾಂಡೆ ಅಂತ ಇನ್ನೊಬ್ಬ ದೊಡ್ಡ ಕಲಾವಿದೆ ಅದೇ ಸೀಮೆಯವರು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಮಣಿ ಕೆಲಸದ ಪಾಡು ಇನ್ನೂ ಕಷ್ಟ. ಕ್ಯಾನ್ವಾಸಿಗೆ ಗ್ಯಾಲರಿಯವರು ಸಹಿ ಕೇಳುತ್ತಾರೆ, ಸಹಿ ಇದ್ದರೆ ಬೆಲೆ. ಏಪ್ರನ್‌ಗೆ ಯಾರೂ ಸಹಿ ಹಾಕಿಸಲಿಲ್ಲ. ಸಂಗ್ರಹಕಾರರು ಹಳ್ಳಿಗೆ ಹೋಗಿ, ಹೆಂಗಸರು ತಮ್ಮ ಮದುವೆಗೆ ಉಟ್ಟಿದ್ದನ್ನೇ ಕೊಂಡು ತಂದರು. ಈಗ ಯುರೋಪ್, ಅಮೆರಿಕದ ಮ್ಯೂಸಿಯಂಗಳಲ್ಲಿ ಅಂಥ ಏಪ್ರನ್‌ಗಳ ಪಕ್ಕದ ಚೀಟಿಯಲ್ಲಿ ಬರೀ "ಎನ್‌ಡೆಬೆಲೆ ಕಲಾವಿದೆ" ಅಂತ ಇರುತ್ತೆ. ಪೋಣಿಸಿದವಳು ದುಡ್ಡು ಎಣಿಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದಳು. ನಿನ್ನ ಹೆಸರೇನಮ್ಮಾ ಅಂತ ಒಂದು ಮಾತು ಕೇಳಿದ್ದರೆ ಆಗಿತ್ತು.