ಬೆಂಗಳೂರಿನ ಮಸಿ, ಭೂಮಿಯ ಬಿಸಿ

ಬೆಂಗಳೂರಿನಲ್ಲಿ ಹೊಗೆ, ಧೂಳಿನ ಮಾತು ಬಂದರೆ ಕೆಮ್ಮು, ಉಬ್ಬಸಕ್ಕೆ ಬಂದು ನಿಲ್ಲುತ್ತದೆ. ಅದು ಸಣ್ಣ ವಿಷಯವಲ್ಲ. ಆದರೆ ಅದೇ ಕಣಗಳು ನಮ್ಮ ಬಿಸಿಲು, ಮಳೆಯನ್ನೂ ಬದಲಿಸುತ್ತವೆ.

ಇದು ಗೊತ್ತಾಗಿ ತುಂಬಾ ಕಾಲವಾಯಿತು. ಧೂಳಿನ ಕಣ ಇಲ್ಲದಿದ್ದರೆ ನೀರಾವಿ ಸುಲಭಕ್ಕೆ ಹನಿಗಟ್ಟುವುದಿಲ್ಲ ಅಂತ ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಐಟ್ಕೆನ್ 1880ರ ದಶಕದಲ್ಲೇ ತೋರಿಸಿದ್ದರು. ಕಣ ಜಾಸ್ತಿಯಾದರೆ ಅಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಪುಟ್ಟ ಹನಿಗಳ ಮೋಡ ಬಿಸಿಲನ್ನು ಹೆಚ್ಚು ವಾಪಸ್ ಕಳಿಸುತ್ತದೆ, ಮಳೆಯಾಗುವುದಕ್ಕೂ ತಡಮಾಡುತ್ತದೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಕಣಗಳು ಭೂಮಿಯನ್ನೆಲ್ಲ ಸುತ್ತಿದವು. ಮರುವರ್ಷ ಜಗತ್ತಿನ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಹಾಗಾದರೆ ಕಣಗಳು ತಂಪು ಮಾಡುತ್ತವೆ, ಅಲ್ವಾ? ಎಲ್ಲವೂ ಅಲ್ಲ. ಮಸಿಯ, ಅಂದರೆ ಡೀಸೆಲ್, ಕಟ್ಟಿಗೆ, ಕಸ ಪೂರ್ತಿ ಉರಿಯದೆ ಏಳುವ ಕರಿ ಕಣಗಳ ದಾರಿಯೇ ಬೇರೆ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ನಮ್ಮ ಉಪಖಂಡದಿಂದ ಹೋದ ಕಂದು ಮಬ್ಬು ಕಣ್ಣಿಗೆ ಬಿತ್ತು. ಅದರ ಮುಂದಾಳುಗಳಲ್ಲಿ ಒಬ್ಬರಾದ ವಿ. ರಾಮನಾಥನ್ ಓದಿದ್ದು ಇಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2002ರಲ್ಲಿ ವಿಜ್ಞಾನಿಗಳಾದ ಸುರೇಶ್ ಬಾಬು, ಎಸ್.ಕೆ. ಸತೀಶ್ ಮತ್ತು ಜೊತೆಗಾರರು ಬೆಂಗಳೂರಿನ ಗಾಳಿಯ ಲೆಕ್ಕವನ್ನೇ ಮುಂದಿಟ್ಟರು. ಕಣಗಳ ತೂಕದಲ್ಲಿ ಮಸಿಯ ಪಾಲು ಸುಮಾರು 11 ಪರ್ಸೆಂಟ್ ಮಾತ್ರ. ಆದರೂ ನೆಲಕ್ಕೆ ಬರುವ ಬಿಸಿಲು ಚದರ ಮೀಟರಿಗೆ ಸುಮಾರು 23 ವ್ಯಾಟ್‌ನಷ್ಟು ಕಡಿಮೆಯಾಗಿತ್ತು. ಆ ಶಾಖ ಎಲ್ಲಿಗೂ ಹೋಗಿರಲಿಲ್ಲ. ಬಿಸಿಲಿಗೆ ಹರವಿದ ಕರಿ ಬಟ್ಟೆಯ ಹಾಗೆ ಮಸಿ ಅದನ್ನು ಹೀರಿಕೊಂಡು ಮೇಲಿನ ಗಾಳಿಯನ್ನು ಕಾಯಿಸುತ್ತಿತ್ತು. ನೆಲ ತಣ್ಣಗೆ, ಮೇಲೆ ಬಿಸಿ. ಹೀಗಾದರೆ ಗಾಳಿ ಮೇಲೇಳುವುದೇ ಕಷ್ಟ. ಹೊಗೆ ಕೆಳಗೇ ಉಳಿಯುತ್ತದೆ, ಮೋಡ ಕಟ್ಟುವುದಕ್ಕೂ ಅಡ್ಡಿಯಾಗುತ್ತದೆ.

ಧೂಳು ಗೊಬ್ಬರವನ್ನೂ ಹೊತ್ತು ತರುತ್ತದೆ. ಸಹಾರಾದಿಂದ ಹಾರುವ ಧೂಳು ವರ್ಷಕ್ಕೆ ಸುಮಾರು 22,000 ಟನ್ ರಂಜಕವನ್ನು ಅಮೆಜಾನ್ ಕಾಡಿಗೆ ಮುಟ್ಟಿಸುತ್ತದೆ. ನಮ್ಮ ಕಡೆಯ ಧೂಳಿನಲ್ಲಿರುವ ಸುಣ್ಣದ ಅಂಶ ಮಳೆನೀರಿನ ಹುಳಿಯನ್ನು ತಗ್ಗಿಸುತ್ತದೆ. ಆದರೆ ಗೊಬ್ಬರ, ಸಗಣಿಯಿಂದ ಏಳುವ ಅಮೋನಿಯ ವಾಹನದ ಹೊಗೆಯ ಜೊತೆ ಗಾಳಿಯಲ್ಲೇ ಕೂಡಿ ಕಣವಾಗುತ್ತದೆ. ಆ ಕಣಗಳಲ್ಲಿರುವ ಸಾರಜನಕ ಮಳೆಯ ಜೊತೆ ಕೆರೆಗಿಳಿಯುತ್ತದೆ. ಕೊಳಚೆಯಿಂದಲೇ ಸಾಕುಸಾಕಾದ ಬೆಳ್ಳಂದೂರಿನಂಥ ಕೆರೆಗೆ ಇದು ಇನ್ನೊಂದು ಹೊರೆ.

ಕಲ್ಲಿದ್ದಲಿನಂಥ ಇಂಧನ ಸುಟ್ಟಾಗಲೂ ಏಳುವ ಗಂಧಕದ ಕಣಗಳನ್ನು ಇಳಿಸಿದರೆ ಅವು ಇಷ್ಟು ದಿನ ಮರೆಮಾಚಿದ್ದ ಬಿಸಿ ಹೊರಬರುತ್ತದೆ. ಹಾಗಂತ ಗಾಳಿ ಕೊಳಕಾಗಿಯೇ ಇರಲಿ ಅನ್ನಲಾಗದು, ಅದು ಜನರ ಪ್ರಾಣದ ಪ್ರಶ್ನೆ. ಆ ಬಿಸಿಗೆ ಕಾರಣವಾದ ಇಂಗಾಲದ ಡೈಆಕ್ಸೈಡನ್ನೂ ಜೊತೆಗೇ ಇಳಿಸಬೇಕು. ಮಸಿಯ ವಿಷಯದಲ್ಲಿ ಈ ಇಕ್ಕಟ್ಟು ಕಡಿಮೆ. ಅದು ಕಾಯಿಸುವ ಕಣ, ಒಂದೆರಡು ವಾರದಲ್ಲೇ ಗಾಳಿಯಿಂದ ಉದುರಿಹೋಗುತ್ತದೆ. ಹಾಗಾಗಿ ಹಳೇ ಡೀಸೆಲ್ ಲಾರಿ, ಜನರೇಟರ್, ಬೀದಿ ಮೂಲೆಯಲ್ಲಿ ಒಣಗಿದ ಎಲೆ ಮತ್ತು ಪ್ಲಾಸ್ಟಿಕ್ ಕವರ್ ಸೇರಿಸಿ ಹಚ್ಚುವ ಬೆಂಕಿ, ಮೊದಲು ನಿಲ್ಲಬೇಕಾದ್ದು ಇವು. ಬಯಲಲ್ಲಿ ಕಸ ಸುಡಬಾರದು, ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.