ಇಷ್ಟು ಸೆಕೆಯ ಊರಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಮರಿಗೆ ಬಲ್ಬ್ ಯಾಕೆ?

ಪ್ರಶ್ನೆ: ಎರಡು ತಿಂಗಳ ಬಿಯರ್ಡೆಡ್ ಡ್ರ್ಯಾಗನ್ (ಸಾಕುವ ಹಲ್ಲಿ) ಮರಿ ತಂದಿದ್ದೇವೆ. ಬಿಸಿ ಬಲ್ಬು, ಯುವಿಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ಟ್ಯೂಬು ಎರಡೂ ಬೇಕು ಅಂದರು. ನಮ್ಮ ಮನೆ ಮಂಗಳೂರಿನಲ್ಲಿ, ಫ್ಯಾನ್ ಇಲ್ಲದೆ ಕೂರಲಾಗದಷ್ಟು ಸೆಕೆ. ಗಾಜಿನ ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟರೆ ಸಾಲದೇ?

ಉತ್ತರ: ಸಾಲದು. ಮರಿಗೆ ಬೇಕಾದ್ದು ಒಣ ಬಿಸಿ, ನಮ್ಮಲ್ಲಿರುವುದು ಬೆವರಿಳಿಸುವ ಹಸಿ ಬಿಸಿ. ಕುಲ ನೋಡಿದರೆ ಇದು ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಕುಟುಂಬದ್ದೇ. ಆದರೆ ಹುಟ್ಟೂರು ಆಸ್ಟ್ರೇಲಿಯಾದ ಒಳನಾಡು. ಅಲ್ಲಿನ ಆಲಿಸ್ ಸ್ಪ್ರಿಂಗ್ಸ್ ಸುತ್ತಮುತ್ತ ವರ್ಷದ ಸರಾಸರಿ ಮಳೆ 300 ಮಿ.ಮೀ. ಕೂಡ ಇಲ್ಲ. ಮಂಗಳೂರಿನಲ್ಲಿ ಜುಲೈಯ ಒಂದೇ ಜೋರು ವಾರದಲ್ಲಿ ಅಷ್ಟು ಸುರಿಯುವುದುಂಟು.

ಮೊದಲು ಬಿಸಿಯ ಲೆಕ್ಕ. ಮರಿ ಮೈ ಕಾಯಿಸಿಕೊಳ್ಳುವ ಕಲ್ಲಿನ ಮೇಲ್ಮೈ 40ರಿಂದ 42 ಡಿಗ್ರಿ ಇರಬೇಕು, ಗೂಡಿನ ಇನ್ನೊಂದು ತುದಿ 26ರಿಂದ 29. ಈ ಎರಡರ ನಡುವೆ ಓಡಾಡಿಯೇ ಅದು ತನ್ನ ಮೈಬಿಸಿ ಸರಿದೂಗಿಸಿಕೊಳ್ಳುತ್ತದೆ. ನಿಮ್ಮ ಕೋಣೆ ಎಲ್ಲ ಕಡೆಯೂ 32 ಡಿಗ್ರಿ ಇದ್ದರೆ ಮನುಷ್ಯರಿಗೆ ಸಾಕುಸಾಕಾಗುತ್ತದೆ, ಆದರೆ ಮರಿಗೆ ತಿಂದ ಹುಳ ಜೀರ್ಣವಾಗುವಷ್ಟು ಕಾವೂ ಸಿಗುವುದಿಲ್ಲ, ತಂಪಿಗೆ ಸರಿಯಲು ಜಾಗವೂ ಇರುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಆಹಾರ ಕೊಳೆಯುತ್ತದೆ, ಮರಿ ತಿನ್ನುವುದು ಬಿಡುತ್ತದೆ. ಆಗ ಹುಳ ಬದಲಿಸಿ ನೋಡುತ್ತಾ ಕೂರುವವರೇ ಹೆಚ್ಚು, ಥರ್ಮಾಮೀಟರ್ ನೋಡುವವರು ಕಡಿಮೆ.

ಎರಡಡಿ ಉದ್ದದ ಮರಿಗೂಡಿಗೆ 50 ವ್ಯಾಟ್‌ನ ಹ್ಯಾಲೋಜನ್ ಬಲ್ಬು, ಅದರ ಕಾವು ಏರಿಳಿಸಲು ಒಂದು ಡಿಮ್ಮರ್. ಕಾವು ಸಾಲದಿದ್ದರೆ 75ಕ್ಕೆ ಹೋಗಿ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಬಲ್ಬಿಗೆ ಮರಿಯ ಮೈ ತಾಗದಂತೆ ಜಾಲರಿ ಇರಲಿ. ಕಾಯುವ ಜಾಗಕ್ಕೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ: ಹಳೆಯ ಮಂಗಳೂರು ಹಂಚೊಂದನ್ನು ಪಾಚಿ ಹೋಗುವಂತೆ ಉಜ್ಜಿ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಇಡಿ. ಕಾವು ಹಿಡಿಯುತ್ತದೆ, ಉಗುರಿಗೆ ಹಿಡಿತ ಸಿಗುತ್ತದೆ, ಅಡಿಯಲ್ಲಿ ಅಡಗಲು ಜಾಗವೂ ಆಯಿತು. ಕೆಂಪುಕಲ್ಲು ಬೇಡ, ಅದರ ತೂತುಗಳಲ್ಲಿ ತೇವ ನಿಲ್ಲುತ್ತದೆ. ಅಂಟಿಸುವ ಡಯಲ್ ಥರ್ಮಾಮೀಟರನ್ನು ನಂಬಬೇಡಿ. ವೈರ್ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಮಾಪಕವನ್ನು ಹಂಚಿನ ಮೇಲೆಯೇ ಇಟ್ಟು, ಬಲ್ಬು ಹಾಕಿ ಒಂದು ಗಂಟೆಯ ನಂತರ ಓದಿ.

ರಾತ್ರಿ ಮಾತ್ರ ನಮ್ಮ ಕರಾವಳಿಯವರು ಅದೃಷ್ಟವಂತರು. ರಾತ್ರಿ 20ರಿಂದ 24 ಡಿಗ್ರಿ ಇದ್ದರೆ ಸಾಕು, ಇಲ್ಲಿ ಅದು ತಾನಾಗಿಯೇ ಇರುತ್ತದೆ. ಕೆಂಪು ಬಲ್ಬು, ಬಿಸಿ ಪ್ಯಾಡು ಎಂದು ಮಾರಲು ಬಂದರೆ ಬೇಡವೆನ್ನಿ. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಹೋದರೂ ಮರಿಗೆ ಏನೂ ಆಗುವುದಿಲ್ಲ. ಹಗಲು ನಾಲ್ಕೈದು ಗಂಟೆ ಹೋದರೆ ಆ ದಿನ ಹುಳ ಕಡಿಮೆ ಕೊಡಿ.

ಇನ್ನು ಕಿಟಕಿ. ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಬೆಳಕಿದೆ, ಕಾವಿದೆ, ಯುವಿಬಿ ಕಿರಣ ಮಾತ್ರ ಇಲ್ಲ. ಅದನ್ನು ಗಾಜು ಹೊರಗೇ ತಡೆಯುತ್ತದೆ. ಯುವಿಬಿ ಇಲ್ಲದೆ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದಿಲ್ಲ, ಆಗ ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಕೈಬೆರಳುದ್ದದ ಮರಿ ವರ್ಷದೊಳಗೆ ಮೊಳದುದ್ದ ಆಗುವ ಕಾಲ ಇದು, ಹಾಗಾಗಿ ಕೊರತೆ ಬೇಗ ತೋರುತ್ತದೆ: ಕಾಲ್ಬೆರಳು ಅದುರುವುದು, ದವಡೆ ರಬ್ಬರಿನಂತಾಗುವುದು, ಕಾಲು ಬಾಗುವುದು, ಹೊಟ್ಟೆ ನೆಲದಿಂದ ಎತ್ತಲಾಗದೆ ತೆವಳುವುದು. ಬಾಗಿದ ಎಲುಬು ಮತ್ತೆ ಪೂರ್ತಿ ನೆಟ್ಟಗಾಗುವುದಿಲ್ಲ. ಅದೂ ಅಲ್ಲದೆ, ಬಿಸಿಲಿಗಿಟ್ಟ ಗಾಜಿನ ತೊಟ್ಟಿ ಒಳಗೊಳಗೇ ಕಾದು ಮರಿಯನ್ನು ಬೇಯಿಸಿಬಿಡಬಲ್ಲದು.

ತರಬೇಕಾದ್ದು 10–12 ಶೇಕಡಾ ಯುವಿಬಿಯ ಟಿ5 (ತೆಳ್ಳಗಿನ) ಟ್ಯೂಬು, ಎರಡಡಿ ಗೂಡಿಗೆ 24 ವ್ಯಾಟ್‌ನದು. ಸುರುಳಿ ಬಲ್ಬು ಬೇಡ, ಅದರ ಕಿರಣ ಒಂದು ಚೂರು ಜಾಗಕ್ಕಷ್ಟೇ. ಟ್ಯೂಬು ಬಿಸಿ ಬಲ್ಬಿನ ಪಕ್ಕದಲ್ಲೇ ಇರಲಿ. ನಡುವೆ ಜಾಲರಿ ಇಲ್ಲದಿದ್ದರೆ ಮರಿಯ ಬೆನ್ನಿನಿಂದ 35–40 ಸೆಂ.ಮೀ., ಇದ್ದರೆ 25–30 ಸೆಂ.ಮೀ. ಎತ್ತರದಲ್ಲಿ. ದಿನಕ್ಕೆ 12ರಿಂದ 14 ಗಂಟೆ ಉರಿಯಬೇಕು. ಕಣ್ಣಿಗೆ ಬೆಳಕು ಕಂಡರೂ ವರ್ಷ ಕಳೆದ ಮೇಲೆ ಯುವಿಬಿ ಕುಂದುತ್ತದೆ. ತಂದ ದಿನಾಂಕವನ್ನು ಟ್ಯೂಬಿನ ತುದಿಯಲ್ಲೇ ಬರೆದಿಡಿ.

ಮಳೆಗಾಲದಲ್ಲಿ ಬಲ್ಬಿಗೆ ಇನ್ನೊಂದು ಕೆಲಸವಿದೆ. ಮರಿಗೆ ಹಿತವಾದ ತೇವಾಂಶ ಶೇ. 30ರಿಂದ 40, ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ನಮ್ಮ ಕೋಣೆಯೊಳಗೆ ಶೇ. 90. ಆದರೆ 26 ಡಿಗ್ರಿಯಲ್ಲಿ ಶೇ. 90 ತೇವವಿರುವ ಅದೇ ಗಾಳಿ 34 ಡಿಗ್ರಿಗೆ ಕಾದರೆ ತೇವಾಂಶ ಶೇ. 57ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಗೂಡಿನ ಬಿಸಿ ತುದಿಯನ್ನು ಒಣಗಿಸುವುದು ಬಲ್ಬೇ. ತಂಪು ತುದಿ ತೇವವಾಗಿಯೇ ಉಳಿಯುತ್ತದೆ, ಅದಕ್ಕೆ ಗಾಳಿಯಾಡಬೇಕು: ಗೂಡಿನ ಮೇಲ್ಭಾಗಕ್ಕೆ ಮತ್ತು ಒಂದು ಪಕ್ಕದ ಕೆಳಭಾಗಕ್ಕೆ ಜಾಲರಿ. ಒಳಗೆ ನೀರಿನ ದೊಡ್ಡ ಬಟ್ಟಲು, ತೆಂಗಿನ ನಾರಿನ ಪುಡಿ ಇಡಬೇಡಿ. ನೆಲಕ್ಕೆ ಟೈಲ್ಸ್ ಅಥವಾ ದಿನಾ ಬದಲಿಸುವ ಪೇಪರ್. ಮರಳು ಬೇಡವೇ ಬೇಡ, ಹುಳದ ಜೊತೆ ನುಂಗಿದರೆ ಕರುಳು ಕಟ್ಟಬಹುದು. ಸಾಧಾರಣ ಪ್ಲೈವುಡ್ ಗೂಡು ಒಂದೇ ಮಳೆಗಾಲಕ್ಕೆ ಉಬ್ಬಿ ಬೂಷ್ಟು ಹಿಡಿಯುತ್ತದೆ. ಮೂಗಿನಲ್ಲಿ ಗುಳ್ಳೆ, ಬಲ್ಬಿನಿಂದ ದೂರವಿದ್ದಾಗಲೂ ಬಾಯಿ ತೆರೆದು ಉಸಿರಾಟ, ಚಿಟಿಚಿಟಿ ಶಬ್ದ ಕಂಡರೆ ಶ್ವಾಸಕೋಶದ ಸೋಂಕೆಂದು ತಿಳಿದು ತಕ್ಷಣ ವೈದ್ಯರಲ್ಲಿಗೆ ಒಯ್ಯಿರಿ. ಬಲ್ಬಿನ ಕೆಳಗೆ ಬಾಯಿ ತೆರೆದು ಕೂತರೆ ಅದು ಮೈಬಿಸಿ ಇಳಿಸಿಕೊಳ್ಳುತ್ತಿದೆ ಅಷ್ಟೇ. ಹಲ್ಲಿ ಜಾತಿಗೆ ಚಿಕಿತ್ಸೆ ಕೊಡುವ ವೈದ್ಯರು ಯಾರೆಂದು ಮರಿ ಚೆನ್ನಾಗಿರುವಾಗಲೇ ವಿಚಾರಿಸಿಡಿ.

ಊಟದ ವಿಷಯ ಚುಟುಕಾಗಿ. ಮೊದಲ ನಾಲ್ಕು ತಿಂಗಳು ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ 10–15 ನಿಮಿಷದಲ್ಲಿ ತಿನ್ನುವಷ್ಟು ಸಣ್ಣ ಕ್ರಿಕೆಟ್ (ಮಿಡತೆಯಂಥ ಹುಳ) ಅಥವಾ ಡುಬಿಯಾ ಎಂಬ ಜಾತಿಯ ಜಿರಳೆ. ಹುಳ ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಉಳಿದ ಕ್ರಿಕೆಟ್ಟನ್ನು ಹೊರಗೆ ತೆಗೆಯಿರಿ, ರಾತ್ರಿ ಅದು ಮರಿಯ ಬೆರಳನ್ನೇ ಕಚ್ಚುತ್ತದೆ. ಕ್ಯಾಲ್ಸಿಯಂ ಪುಡಿ ದಿನಕ್ಕೊಂದು ಊಟಕ್ಕೆ. ಮಳೆಗಾಲದಲ್ಲಿ ಅದು ಗಂಟು ಕಟ್ಟುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕೊನೆಯ ಊಟ ದೀಪ ಆರಿಸುವ ಎರಡು ಗಂಟೆ ಮೊದಲೇ ಮುಗಿಯಲಿ. ಸೊಪ್ಪಿನಲ್ಲಿ ನುಗ್ಗೆ ಒಳ್ಳೆಯದು, ಸಣ್ಣಗೆ ಹೆಚ್ಚಿ; ದಾಸವಾಳದ ಹೂ, ತುರಿದ ಸಿಹಿಗುಂಬಳವೂ ಆದೀತು. ಬಸಳೆ, ಹರಿವೆ, ಪಾಲಕ್ ನಮ್ಮ ಗಸಿಗೆ ಸರಿ, ಮರಿಗಲ್ಲ. ಅವುಗಳಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಣ್ಣೆಹಣ್ಣು (ಅವಕಾಡೊ) ವಿಷ. ಮೊದಲ ಮಳೆಯ ಹೊತ್ತಿಗೆ ಮನೆಯೊಳಗೆ ಬರುವ ಮಿಂಚುಹುಳ ಗೂಡಿನ ಹತ್ತಿರವೂ ಸುಳಿಯಬಾರದು, ಅಮೆರಿಕದ ಮಿಂಚುಹುಳ ಒಂದೇ ಒಂದು ತಿಂದು ಈ ಪ್ರಾಣಿಗಳು ಸತ್ತದ್ದಿದೆ. ಮರಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇವುಗಳ ಮೈಮೇಲೆ ಇರುವುದುಂಟು.

ನಿಮ್ಮ ಪ್ರಶ್ನೆಯಲ್ಲಿ ಅರ್ಧ ಸತ್ಯವೂ ಇದೆ. ಏಪ್ರಿಲ್, ಮೇ ಮಧ್ಯಾಹ್ನ, ಅದರಲ್ಲೂ ತಾರಸಿಯ ಕೆಳಗಿನ ಕೋಣೆಯಲ್ಲಿ, ತಂಪು ತುದಿಯೇ 32 ಡಿಗ್ರಿ ದಾಟುತ್ತದೆ. ಆಗ ಮರಿಗೆ ಓಡಿಹೋಗಲು ಜಾಗವಿಲ್ಲ. ಅಂಥ ದಿನ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಬಲ್ಬು ಉರಿಸಿ, ಮಧ್ಯಾಹ್ನ ಆರಿಸಿ, ಬಿಸಿಲಿಳಿದ ಮೇಲೆ ಮತ್ತೆ ಹಾಕಿ. ಯುವಿಬಿ ಟ್ಯೂಬನ್ನು ಮಾತ್ರ ಆರಿಸಬೇಡಿ.